ವಿಷ ಮನೆಬಾಗಿಲಿಗೆ, ಪರಿಹಾರ ಕೋರ್ಟಿನ ಬಾಗಿಲಲ್ಲಿ

ಗೇರು ಗುಡ್ಡದ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುವಾಗ ಕೆಳಗಿದ್ದವರ ಬಳಿ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಪರಿಹಾರ ಕೊಡುವಾಗ ಮಾತ್ರ ಕಾಗದವಿಲ್ಲದೆ ಕಡತ ಅಲುಗುವುದಿಲ್ಲ.

ಕಾಸರಗೋಡಿನ ಕಥೆ ನಮಗೆಲ್ಲ ಗೊತ್ತಿರುವುದೇ. ಕೇರಳ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಷನ್ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಈ ಕೀಟನಾಶಕ ಸುರಿಯಿತು. ಚಹಾ ಸೊಳ್ಳೆ ಎಂಬ ಕೀಟದಿಂದ ಗೇರು ಉಳಿಸುವ ಅವಸರದಲ್ಲಿ ಗುಡ್ಡದ ಬುಡದ ಮನೆಗಳು ಯಾರ ಲೆಕ್ಕಕ್ಕೂ ಬರಲಿಲ್ಲ.

ಸಿಂಪಡಿಸುವಾಗ ಬಾವಿ ಮುಚ್ಚಿಕೊಳ್ಳಿ ಎಂದು ಊರವರಿಗೆ ಸೂಚನೆ ಕೊಟ್ಟರು. ಆದರೆ ಕಾಸರಗೋಡಿನ ಎಣ್ಮಕಜೆಯಂಥ ಕಡೆ ಎಷ್ಟೋ ಮನೆಗಳಿಗೆ ಸುರಂಗದ ನೀರೇ ಗತಿ. ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಮನೆಯ ಹತ್ತಿರದ ಹೊಂಡಕ್ಕೆ ಹರಿಸಿಕೊಳ್ಳುತ್ತಾರೆ. ಮೇಲೆ ಗೇರು ತೋಟ, ಕೆಳಗೆ ತೋಡು, ತೋಡಿನ ಬದಿಗೆ ಮನೆ. ಬಾವಿಗೆ ಸೋಗೆ ಹೊದಿಸಬಹುದು, ಗುಡ್ಡಕ್ಕೆ ಏನು ಹೊದಿಸುವುದು?

ಕೈಯಲ್ಲಿ ಕಾಸಿದ್ದವರು ಬೇರೆ ಊರು ನೋಡಿಕೊಳ್ಳಬಹುದಿತ್ತು. ಆ ತೋಟದ ಕೂಲಿಯನ್ನೇ ನಂಬಿದವರು ಅಲ್ಲೇ ದುಡಿದು, ಅದೇ ನೀರು ಕುಡಿದರು. ಅಲ್ಲಿನವರ ಅಂಗವೈಕಲ್ಯ, ಕಾಯಿಲೆಗಳಿಗೂ ಕೀಟನಾಶಕಕ್ಕೂ ನಂಟು ಸಾಬೀತಾಗಿಲ್ಲ ಎನ್ನುವವರು ಈಗಲೂ ಇದ್ದಾರೆ. ಸಾಬೀತು ಮಾಡುವ ಹೊಣೆ ಮಾತ್ರ ಯಾವಾಗಲೂ ನಡೆಯಲಾಗದ ಮಗುವನ್ನು ಎತ್ತಿಕೊಂಡು ವೈದ್ಯಕೀಯ ಶಿಬಿರಕ್ಕೆ ಬರುವ ತಾಯಿಯ ಮೇಲೆಯೇ.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ವಿಚಾರಿಸಿದಾಗ, ಕಾಯುತ್ತಿದ್ದ 3,704 ಜನರ ಪೈಕಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು. ಪಟ್ಟಿಯಲ್ಲಿದ್ದ 102 ಮಂದಿ ಹಾಸಿಗೆ ಬಿಟ್ಟು ಏಳಲಾಗದವರು. ಅವರೂ ದೆಹಲಿಗೆ ಬಂದು ಕೇಳಬೇಕಿತ್ತೇ?

ಛೀಮಾರಿ ಬಿದ್ದ ಮೇಲೆ ಕೆಲವೇ ತಿಂಗಳಲ್ಲಿ ಬಹುಪಾಲು ಹಣ ಬಟವಾಡೆಯಾಯಿತು. ಅಂದರೆ ಐದು ವರ್ಷ ಕೊರತೆಯಿದ್ದದ್ದು ಹಣಕ್ಕಲ್ಲ.

ಚಿಕಿತ್ಸೆಯ ಕಥೆಯೂ ಇಷ್ಟೇ. ಕಾಸರಗೋಡಿನ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಆಸ್ಪತ್ರೆಯ ಕಟ್ಟಡ ವರ್ಷಗಟ್ಟಲೆ ಕುಂಟಿತು, ಕಾಸರಗೋಡಿನವರು ಮಂಗಳೂರಿನ ದಾರಿಯನ್ನೇ ಹಿಡಿಯಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಕರ್ನಾಟಕ ಸರ್ಕಾರ ಗಡಿಯ ತಲಪಾಡಿಯಲ್ಲಿ ಆ ದಾರಿಯನ್ನೂ ಮುಚ್ಚಿತು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹಲವು ರೋಗಿಗಳು ಸತ್ತರು.

ಗಡಿಯ ಈಚೆ ನಾವೂ ಸಾಚಾ ಅಲ್ಲ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ ಇದೇ ವಿಷ ಸಿಂಪಡಿಸಿದ್ದು ನಮ್ಮದೇ ಗೇರು ಅಭಿವೃದ್ಧಿ ನಿಗಮ. ಅಲ್ಲೊಂದು ಪಾಲನಾ ಕೇಂದ್ರವಿದೆ, ಮಾಸಾಶನವೂ ಬರುತ್ತದೆ. ಆದರೆ ಸಂತ್ರಸ್ತ ಮಕ್ಕಳು ದೊಡ್ಡವರಾಗಿದ್ದಾರೆ, ಎತ್ತಿ ಮಲಗಿಸುತ್ತಿದ್ದ ಅಪ್ಪ ಅಮ್ಮಂದಿರ ಸೊಂಟ ಬಾಗಿದೆ. ತಾವು ಸತ್ತ ಮೇಲೂ ಇವರನ್ನು ನೋಡಿಕೊಳ್ಳುವ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂದು ಅವರು ಕೇಳುತ್ತಲೇ ಇದ್ದಾರೆ. ಅದಕ್ಕೂ ಒಬ್ಬರು ನ್ಯಾಯಾಂಗ ನಿಂದನೆ ಅರ್ಜಿ ಹಾಕುವವರೆಗೆ ಕಾಯಬೇಡಿ.