ಫಿಟ್ ಆಗಲ್ಲ ಅನ್ನೋರೇ, ಲೆಕ್ಕ ತೋರಿಸಿ

ಇಂದಿರಾನಗರದ 100 ಅಡಿ ರಸ್ತೆಯಿಂದ ಕೆ.ಆರ್. ಪುರದ ಔಟರ್ ರಿಂಗ್ ರೋಡ್‌ವರೆಗೆ ಆಫೀಸುಗಳಲ್ಲಿ ಒಂದು ಮಾತು ಚೆನ್ನಾಗಿ ಚಾಲ್ತಿಯಲ್ಲಿದೆ: "ಹುಡುಗಿ ಬುದ್ಧಿವಂತೆ, ಆದ್ರೆ ಟೀಮ್‌ಗೆ ಫಿಟ್ ಆಗಲ್ಲ." ಹೋಗಲಿ, ಅದು ಬರೀ ಅಭಿಪ್ರಾಯ ಅನ್ನಬಹುದಿತ್ತು. ಈಗ ಅದಕ್ಕೊಂದು ಸ್ಕೋರ್ ಬೇರೆ! ಕೆಲಸದಲ್ಲಿ ಎಷ್ಟು ಸ್ವಾತಂತ್ರ್ಯ ಬೇಕು, 1ರಿಂದ 7ರೊಳಗೆ ಹೇಳಿ ಅಂತಾರೆ. ಟೀಮಿನವರನ್ನೂ ಕೇಳಿ ಸರಾಸರಿ ತೆಗೀತಾರೆ. ಒಂದರಿಂದ ಇನ್ನೊಂದನ್ನು ಕಳೀತಾರೆ. ಅಂತರ ಕಡಿಮೆಯಾದಷ್ಟೂ ಫಿಟ್ ಜಾಸ್ತಿಯಂತೆ.

ಇದು ವಿಜ್ಞಾನ ಅಲ್ಲ, ಅರ್ಧಂಬರ್ಧ ಲೆಕ್ಕ.

ಇಂದಿರಾನಗರದಿಂದ ಹಲಸೂರು ಮೆಟ್ರೋದಲ್ಲಿ ಒಂದು ಸ್ಟೇಷನ್. ಸ್ವಾಮಿ ವಿವೇಕಾನಂದ ರೋಡ್ ಕೂಡ ಒಂದೇ ಸ್ಟೇಷನ್. ಕೆ.ಆರ್. ಪುರಕ್ಕೆ ಹೊರಟವರಿಗೆ ಎರಡೂ ಒಂದೇನಾ? ಫಿಟ್ ಸ್ಕೋರ್ ಕೂಡ ಹೀಗೇ, ದೂರ ಹೇಳುತ್ತೆ, ದಿಕ್ಕು ಹೇಳಲ್ಲ. ನೀವು 6 ಕೇಳಿ ಟೀಮ್ 3 ಕೊಟ್ಟರೆ ಉಸಿರುಗಟ್ಟುತ್ತೆ. ನೀವು 3 ಕೇಳಿ ಟೀಮ್ 6 ಕೊಟ್ಟರೆ ನಡುನೀರಲ್ಲಿ ಕೈಬಿಟ್ಟ ಹಾಗಾಗುತ್ತೆ. ಸ್ಕೋರಿನಲ್ಲಿ ಎರಡೂ ಒಂದೇ!

ಸರಾಸರಿಯ ಕಥೆ ಇನ್ನೂ ಚೆಂದ. ಎಂಟು ಜನರ ಟೀಮಿನಲ್ಲಿ ನಾಲ್ವರು 1, ನಾಲ್ವರು 7 ಅಂದರೆ ಸರಾಸರಿ 4. ಹೊಸಬರು 4 ಅಂದರೆ ನೂರಕ್ಕೆ ನೂರು ಫಿಟ್. ಯಾರ ಜೊತೆ? ಅಲ್ಲಿ 4 ಅಂದವರು ಒಬ್ಬರೂ ಇಲ್ಲವಲ್ಲ.

ಇದಕ್ಕೆ ಮದ್ದು ಹೊಸದೇನಲ್ಲ. ಅಮೆರಿಕದ ಜೆಫ್ರಿ ಎಡ್ವರ್ಡ್ಸ್ 1990ರ ದಶಕದ ಆರಂಭದಲ್ಲೇ ಹೇಳಿದ್ದರು: ಕಳೆಯಬೇಡಿ. ವ್ಯಕ್ತಿಯ ಅಂಕ, ತಂಡದ ಅಂಕ, ಎರಡರ ವರ್ಗಗಳು, ಎರಡರ ಗುಣಲಬ್ಧ, ಈ ಐದನ್ನೂ ಸಮೀಕರಣದಲ್ಲಿ ಬಿಡಿಬಿಡಿಯಾಗಿ ಇಡಿ. ಯಾವ ಕಡೆ ವಾಲಿದರೆ ತೃಪ್ತಿ ಕುಸಿಯುತ್ತೆ ಅನ್ನೋದನ್ನ ಡೇಟಾನೇ ಹೇಳಲಿ. ಹೆಸರು ಪಾಲಿನೋಮಿಯಲ್ ರಿಗ್ರೆಷನ್. ಆದರೆ ಇದಕ್ಕೆ ಹತ್ತಾರು ತಂಡಗಳ, ನೂರಾರು ಜನರ ಮಾಹಿತಿ ಬೇಕು. ಒಬ್ಬರನ್ನು ಪ್ರೊಬೇಷನ್‌ನಲ್ಲೇ ಮನೆಗೆ ಕಳಿಸೋಕೆ ಇದನ್ನು ಮಾಡಿದ್ದಲ್ಲ.

ಕಳೆಯೋ ಲೆಕ್ಕ ಆಫೀಸುಗಳಿಗೆ ಇಷ್ಟ ಆಗೋದು ಸುಲಭ ಅಂತ ಮಾತ್ರ ಅಲ್ಲ. ಅಂತರ ಇಬ್ಬರ ನಡುವಿನದ್ದು, ತಪ್ಪು ಮಾತ್ರ ಯಾವಾಗಲೂ ಹೊಸಬರದ್ದು. ಟೀಮೇ ಬದಲಾಗಬೇಕೇನೋ ಅನ್ನೋ ಪ್ರಶ್ನೆಯೇ ಏಳಲ್ಲ.

ಹಾಗಾಗಿ ಮುಂದಿನ ಸಲ "ಫಿಟ್ ಆಗಲ್ಲ" ಅಂದರೆ ಮೂರು ಪ್ರಶ್ನೆ ಕೇಳಿ. ಯಾವ ವಿಷಯದಲ್ಲಿ? ಯಾವ ದಿಕ್ಕಿಗೆ? ಟೀಮಿನ ಯಾರ ಜೊತೆ? ಉತ್ತರ ಇಲ್ಲ ಅಂದ್ರೆ "ನಮಗೆ ನೀವು ಇಷ್ಟವಾಗಲಿಲ್ಲ" ಅಂತ ನೇರವಾಗಿ ಹೇಳಲಿ. ಪಾಪದ ಗಣಿತವನ್ನು ಯಾಕೆ ಸಾಕ್ಷಿಗೆ ಎಳೀತೀರಿ?