ಶೇ 90 ಬದುಕು, ಶೇ 10 ಸಾವು
ಡೇನಿಯಲ್ ಕಾನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ’ 2011ರಲ್ಲಿ ಪ್ರಕಟವಾದ ಪುಸ್ತಕ. ಥಟ್ಟನೆ ತೀರ್ಮಾನಕ್ಕೆ ಬರುವ ಯೋಚನೆ ಒಂದು, ಶ್ರಮವಹಿಸಿ ಲೆಕ್ಕ ಹಾಕುವ ಯೋಚನೆ ಇನ್ನೊಂದು. ಮೊದಲನೆಯದು ಎಲ್ಲೆಲ್ಲಿ ಎಡವುತ್ತದೆ ಎಂಬುದೇ ಪುಸ್ತಕದ ವಸ್ತು. ಅದರಲ್ಲಿ ನನ್ನನ್ನು ಬಹಳ ಕಾಡಿದ್ದು ವೈದ್ಯರನ್ನೇ ಪರೀಕ್ಷೆಗೆ ಒಡ್ಡಿದ ಒಂದು ಅಧ್ಯಯನ. ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂದು ಅವರು ಆರಿಸಬೇಕಿತ್ತು. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳು ಶೇ 90ರಷ್ಟು ರೋಗಿಗಳು ಬದುಕುಳಿಯುತ್ತಾರೆ ಎಂದು ತಿಳಿಸಿದಾಗ ಶೇ 84ರಷ್ಟು ವೈದ್ಯರು ಅದನ್ನೇ ಆರಿಸಿದರು. ಮೊದಲ ತಿಂಗಳಲ್ಲಿ ಶೇ 10ರಷ್ಟು ಸಾಯುತ್ತಾರೆ ಎಂದಾಗ ಆರಿಸಿದವರು ಶೇ 50 ಮಾತ್ರ. ಎರಡೂ ಒಂದೇ ಸಂಗತಿ. ಬದಲಾದದ್ದು ಹೇಳಿದ ರೀತಿ. ವರ್ಷಗಟ್ಟಲೆ ಓದಿ ಪಳಗಿದವರೇ ಮಾತಿನ ವರಸೆಗೆ ಹೀಗೆ ವಾಲುವುದಾದರೆ, ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಗಾಬರಿಯಲ್ಲಿ ಸಹಿ ಹಾಕುವ ಮನೆಯವರ ಪಾಡೇನು? ಆದ್ದರಿಂದ ಯಾವುದೇ ಅಂಕಿ ಕಿವಿಗೆ ಬಿದ್ದಾಗ ಅದನ್ನು ತಿರುಗಿಸಿ ಇನ್ನೊಮ್ಮೆ ಹೇಳಿಕೊಳ್ಳಬೇಕು: ಎಷ್ಟು ಜನ ಉಳಿದರು, ಎಷ್ಟು ಜನ ಅಳಿದರು? ಈ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಮ್ಮ ಅರಿವಿಗೆ ಬಾರದ ಸುಳಿವುಗಳು ನಡವಳಿಕೆಯನ್ನು ಬದಲಿಸುತ್ತವೆ ಎಂಬ ಅಧ್ಯಾಯದಲ್ಲಿ, ತೀರಾ ಕಡಿಮೆ ಜನರ ಮೇಲೆ ನಡೆದ ಅಧ್ಯಯನಗಳನ್ನು ಅತಿಯಾಗಿ ನಂಬಿಬಿಟ್ಟೆ ಎಂದು 2017ರಲ್ಲಿ ಕಾನೆಮನ್ ಬಹಿರಂಗವಾಗಿಯೇ ಒಪ್ಪಿಕೊಂಡರು. 2002ರಲ್ಲೇ ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದ ವಿದ್ವಾಂಸರೊಬ್ಬರ ಈ ಪ್ರಾಮಾಣಿಕತೆಯಿಂದ ಪುಸ್ತಕದ ಮೇಲಿನ ನನ್ನ ಗೌರವ ಹೆಚ್ಚಿತು. ಪ್ರೌಢಶಾಲೆಯ ಗಣಿತ ಪಾಠದಲ್ಲಿ ಶೇಕಡಾವಾರು ಕಲಿಸುವಾಗಲೇ ಮಕ್ಕಳಿಗೆ ಅಂಕಿಯನ್ನು ತಿರುಗಿಸಿ ನೋಡುವ ಎಚ್ಚರವನ್ನೂ ಕಲಿಸಬೇಕು.