ಮಗುವಿನ ತೊಡೆಸಂದಿನ ಕೆಂಪು, ಮನೆಯ ಹಿರಿಯರ ಮಾತು

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಮಗುವಿಗೆ ಡೈಪರ್ ಹಾಕಿದ ಜಾಗವೆಲ್ಲ ಕೆಂಪಾಗಿದೆ. ಮನೆಯಲ್ಲಿ ಎಲ್ಲರೂ ನನ್ನನ್ನೇ ಬೈಯುತ್ತಿದ್ದಾರೆ" ಎಂದು ಅತ್ತಳು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗಲೂ ಅತ್ತವಳಲ್ಲ ಅವಳು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಏಕೆಂದರೆ ಹಾಗೆ ಬೈಯುವ ಹಿರಿಯರ ಸಾಲಿನಲ್ಲಿ ಒಮ್ಮೆ ನಾನೂ ಇದ್ದೆ.

ಮೊಮ್ಮಗನಿಗೆ ಹತ್ತು ತಿಂಗಳಾಗಿದ್ದಾಗ ನಾವು ದಂಪತಿಗಳು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆವು. ಮಗುವಿಗೆ ಭೇದಿಯಾಗಿ, ಎರಡೇ ದಿನದಲ್ಲಿ ಪೃಷ್ಠವೂ ತೊಡೆಗಳೂ ಕೆಂಪಾದವು. "ನಮ್ಮ ಮಕ್ಕಳು ಹಳೆಯ ಪಂಚೆಯ ಲಂಗೋಟಿಯಲ್ಲೇ ಬೆಳೆಯಲಿಲ್ಲವೇ? ಬಟ್ಟೆ ಒಗೆಯಲು ನಿಮಗೆ ಸೋಮಾರಿತನ" ಎಂದು ಸೊಸೆಗೆ ಹೇಳಿಬಿಟ್ಟೆ. ಅವಳು ಮಾತನಾಡಲಿಲ್ಲ. ನಾನು ಅಷ್ಟಕ್ಕೇ ನಿಲ್ಲದೆ ಔಷಧದ ಅಂಗಡಿಗೆ ಹೋಗಿ, ಅಲ್ಲಿ ಕೊಟ್ಟ ಮುಲಾಮನ್ನು ತಂದು ಹಚ್ಚಿಸಿದೆ. ಎರಡು ದಿನ ಕೆಂಪು ಇಳಿಯಿತು, ನಾನು ಬೀಗಿದೆ. ಐದನೆಯ ದಿನ ಅದು ತೊಡೆಸಂದಿನ ಮಡಿಕೆಗಳೊಳಕ್ಕೂ ಹರಡಿ, ಅಂಚಿನಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆಗಳೆದ್ದವು. ಮಕ್ಕಳ ವೈದ್ಯೆ ಆ ಟ್ಯೂಬನ್ನು ನೋಡಿ, "ಇದರಲ್ಲಿ ಬಲವಾದ ಸ್ಟೀರಾಯ್ಡ್ ಇದೆ. ಯಾರು ತಂದರು?" ಎಂದರು. "ನಾನೇ" ಎಂದೆ. ಸೊಸೆ ಆಗಲೂ ಮಾತನಾಡಲಿಲ್ಲ.

ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದವನು ನಾನು. ಮೂತ್ರದಿಂದ ಅಮೋನಿಯಾ ಹುಟ್ಟಿ ಚರ್ಮವನ್ನು ಸುಡುತ್ತದೆ ಎಂಬುದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ವಿಷಯ ಅಷ್ಟು ಸರಳವಲ್ಲ. ಸದಾ ಒದ್ದೆಯಾಗಿರುವ ಚರ್ಮ ನೆನೆದು ಮೆತ್ತಗಾಗುತ್ತದೆ, ಉಜ್ಜಿದರೆ ಬೇಗ ತರಚುತ್ತದೆ. ಮಲದ ಸೂಕ್ಷ್ಮಜೀವಿಗಳು ಮೂತ್ರದ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟಿ, ಚರ್ಮದ ಸಹಜವಾದ ಆಮ್ಲೀಯತೆ ಕುಗ್ಗುತ್ತದೆ. ಆಗ ಮಲದಲ್ಲಿರುವ, ಪ್ರೋಟೀನನ್ನೂ ಕೊಬ್ಬನ್ನೂ ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೆಡಿಸುತ್ತವೆ. ಭೇದಿಯಾದಾಗ ತೊಂದರೆ ಹೆಚ್ಚುವುದು ಇದರಿಂದಲೇ. ಇದರಲ್ಲಿ ತಾಯಿಯ ಸೋಮಾರಿತನ ಎಲ್ಲಿದೆ?

ಲಂಗೋಟಿಯ ಕಾಲದಲ್ಲಿ ಹೀಗಾಗುತ್ತಿರಲಿಲ್ಲವೆಂಬ ನನ್ನ ವಾದವನ್ನು ನನ್ನ ಶ್ರೀಮತಿಯೇ ಅಲ್ಲಗಳೆದಳು. "ಆಗುತ್ತಿತ್ತು. ರಾತ್ರಿಯೆಲ್ಲ ಎದ್ದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವಳು ನಾನು. ನೀವು ಮಲಗಿರುತ್ತಿದ್ದಿರಿ" ಎಂದಳು. ಲಂಗೋಟಿಯ ಗುಣವೆಂದರೆ ಒದ್ದೆಯಾದದ್ದು ತಕ್ಷಣ ತಿಳಿಯುತ್ತದೆ, ತಕ್ಷಣ ಬದಲಾಯಿಸುತ್ತೇವೆ. ಡೈಪರ್ ತೇವವನ್ನು ಹೀರಿಕೊಂಡು ಚರ್ಮವನ್ನು ಒಣಗಿಸಿಡುತ್ತದೆ. ಆದರೆ ಅದನ್ನೇ ನಂಬಿ ನಾವು ಹೊತ್ತುಗಟ್ಟಲೆ ಬಿಟ್ಟುಬಿಡುತ್ತೇವೆ. ಎರಡರಲ್ಲಿಯೂ ಮುಖ್ಯವಾದುದು ಬದಲಾಯಿಸುವ ಕೈ.

ವೈದ್ಯೆ ಹೇಳಿದ ಕ್ರಮ ಸುಲಭವಾದುದು. ಎರಡು ಮೂರು ಗಂಟೆಗೊಮ್ಮೆ, ಮಲವಿಸರ್ಜನೆಯಾದರೆ ಕೂಡಲೇ, ಡೈಪರ್ ಬದಲಾಯಿಸಬೇಕು. ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು. ಜಿಂಕ್ ಆಕ್ಸೈಡ್ ಇರುವ ಮುಲಾಮನ್ನಾಗಲಿ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ದಪ್ಪವಾಗಿ ಲೇಪಿಸಬೇಕು. ಪ್ರತಿ ಸಲವೂ ಆ ಲೇಪವನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಕೊಳೆಯಾದ ಭಾಗ ಹೋದರೆ ಸಾಕು. ಪೌಡರ್ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶವನ್ನು ಸೇರಬಹುದು.

ಮೂರು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಜ್ವರ, ಕೀವು, ನೀರುಗುಳ್ಳೆ ಕಂಡರೆ ವೈದ್ಯರ ಬಳಿಗೆ ಹೋಗಲೇಬೇಕು. ಮಡಿಕೆಗಳೊಳಗೆ ಕಡುಗೆಂಪಾಗಿ, ಸುತ್ತ ಚುಕ್ಕೆಗಳಂತೆ ಗುಳ್ಳೆಗಳೆದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಾಗಿರಬಹುದು. ಅದಕ್ಕೆ ಬೇರೆಯೇ ಔಷಧವಿದೆ. ನಮ್ಮ ಮಗುವಿಗೆ ಆದದ್ದು ಅದೇ. ಡೈಪರಿನ ಮುಚ್ಚಿಗೆಯಲ್ಲಿ ಸ್ಟೀರಾಯ್ಡ್ ಹೆಚ್ಚಾಗಿ ಮೈಯೊಳಕ್ಕೆ ಇಳಿಯುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿಯೇ ನಿಯಮವಾಗಿದೆ. ಆದರೂ ಕೇಳುವ ನನ್ನಂಥವರೂ ಕೊಡುವ ಅಂಗಡಿಗಳೂ ಇದ್ದೇವೆ.

ಆ ರಾತ್ರಿ ಸೊಸೆಗೆ "ತಪ್ಪಾಯಿತಮ್ಮ" ಎಂದೆ. "ಇರಲಿ ಬಿಡಿ ಮಾವ. ನಾಳೆಯಿಂದ ಮಧ್ಯಾಹ್ನದ ಡೈಪರ್ ನೀವು ಬದಲಾಯಿಸಿದರೆ ನಾನು ಒಂದು ಗಂಟೆ ಮಲಗುತ್ತೇನೆ" ಎಂದಳು. ಅರವತ್ತು ದಾಟಿದ ಮೇಲೆ ಕಲಿತ ಆ ಕೆಲಸ ನನಗೆ ಕಷ್ಟವೆನಿಸಲಿಲ್ಲ.

ಅಜ್ಜಂದಿರಾಗಿರುವ, ಆಗಲಿರುವ ನನ್ನ ಬಂಧುಗಳಲ್ಲಿ, ಶಿಷ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವಿನ ಮೈ ಕೆಂಪಾದರೆ ತಾಯಿಯನ್ನು ವಿಚಾರಣೆಗೆ ನಿಲ್ಲಿಸಬೇಡಿ. ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಳ್ಳಿ.